ಒಳಬಂದ ಗಾಳಿಗೆ ಹೊರದಾರಿ

ಮೊದಲ ಮೂರು ನಿಮಿಷ ಏನೂ ತೊಂದರೆಯಿರಲಿಲ್ಲ. ಒಂದೂವರೆ ಮೀಟರ್ ರೆಕ್ಕೆಯ ನನ್ನ ರೇಡಿಯೊ ನಿಯಂತ್ರಿತ ಮಾದರಿ ವಿಮಾನ ಮೈದಾನದ ಮೇಲೆ ಎರಡು ಸುತ್ತು ಹಾಕಿತು. ಮೂರನೆಯ ಸುತ್ತಿಗೆ ಮೂತಿ ಎತ್ತಿ ಏರುವಾಗ ಎಂಜಿನ್ನಿನ ದನಿ ಕುಗ್ಗಿತು. ಘಾಟಿಯಲ್ಲಿ ಗೇರ್ ಇಳಿಸದೆ ಏರಲು ಹೊರಟ ಹಳೇ ಲಾರಿಯ ಏದುಸಿರಿನಂಥ ದನಿ. ಮರುಗಳಿಗೆಯಲ್ಲಿ ಅದೂ ನಿಂತಿತು. ಮೂತಿ ತಗ್ಗಿಸಿ, ತೇಲಿಸಿಕೊಂಡೇ ಕೆಳಗಿಳಿಸಿದೆ. ಮೈದಾನದಂಚಿನ ಹುಲ್ಲಿಗೆ ಚಕ್ರ ಸಿಕ್ಕಿ ಮುಂಗಾಲಿನ ತಂತಿ ಮಡಚಿಕೊಂಡಿತು. ಮಿಕ್ಕದ್ದೆಲ್ಲ ಉಳಿಯಿತು.

ಹಿಂದಿನ ದಿನ ಮನೆಯಂಗಳದಲ್ಲಿ ಇದೇ 7.5 ಸಿ.ಸಿ. ಎಂಜಿನ್ ಟ್ಯಾಂಕ್ ಖಾಲಿಯಾಗುವ ತನಕ ಒಂದೇ ಲಯದಲ್ಲಿ ಓಡಿತ್ತು. ಆ ದಿನಕ್ಕೂ ಈ ದಿನಕ್ಕೂ ಇದ್ದ ವ್ಯತ್ಯಾಸ ಒಂದೇ: ರಾತ್ರಿ ಕೂತು ಅದರ ಮೇಲೆ ಫೈಬರ್ ಕವಚ ಕೂರಿಸಿದ್ದೆ.

ನಮ್ಮ ಮೈದಾನಕ್ಕೆ ಬರುವ ಹಿರಿಯರೊಬ್ಬರು ವಿಮಾನವನ್ನು ಎತ್ತಿ ಮಗುಚಿ ಹಿಡಿದು, ಹೊಟ್ಟೆಯ ಭಾಗವನ್ನು ನೋಡಿದರು. "ಗಾಳಿ ಒಳಗೆ ಬರೋಕೆ ಚೆನ್ನಾಗಿ ದಾರಿ ಮಾಡಿದ್ದೀಯ. ಆಚೆ ಹೋಗೋಕೆ ಎಲ್ಲಪ್ಪಾ ಬಿಟ್ಟಿದ್ದೀಯ?" ಎಂದರು. ಉತ್ತರ ನನ್ನ ಕಣ್ಣೆದುರೇ ಇತ್ತು. ಕೆಳಗಡೆ ಹೊಗೆ ಕೊಳವೆ, ಅಂದರೆ ಮಫ್ಲರ್, ಹೊರಬರುವಷ್ಟೇ ಅಳತೆಗೆ ರಂಧ್ರ ಕೊರೆದಿದ್ದೆ. ಸುತ್ತ ಸಂದು ಕಾಣದ ಹಾಗೆ ಅರದಿಂದ ಉಜ್ಜಿ ಉಜ್ಜಿ ಕೂರಿಸಿದ್ದೆ. ಅದನ್ನೇ ಅಚ್ಚುಕಟ್ಟು ಎಂದು ತಿಳಿದಿದ್ದೆ.

ಅಂದು ಕಲಿತದ್ದು ಇಷ್ಟು. ಕವಚ ಕತ್ತರಿಸುವ ಕೆಲಸ ಹೊರಗಿನಿಂದ ನೋಡಿದರೆ ಎಂಜಿನ್ನಿನ ಮೈಗೆ ಅಂಗಿ ಹೊಲಿದಂತೆ ಕಾಣುತ್ತದೆ. ನಿಜದಲ್ಲಿ ಅದು ಗಾಳಿಗೆ ಕಾಲುವೆ ತೋಡುವ ಕೆಲಸ. ಬಾಗಿಲು ಎಲ್ಲಿ, ಹಿತ್ತಿಲು ಎಲ್ಲಿ ಎಂದು ಮೊದಲು ತೀರ್ಮಾನಿಸಿದವನಿಗೆ ಮಾತ್ರ ಕತ್ತರಿಸುವ ಗೆರೆ ಸರಿಯಾಗಿ ಸಿಗುತ್ತದೆ.

ಹವ್ಯಾಸಿಗಳು ಈ ಕವಚವನ್ನು ಕೌಲ್ ಎನ್ನುತ್ತಾರೆ. ಪೆಟ್ಟಿಗೆ ಬಿಚ್ಚಿದಾಗ ಅದು ಬಹುಮಟ್ಟಿಗೆ ಇಡಿಯಾಗಿಯೇ ಬರುತ್ತದೆ. ಒಂದೇ ವಿಮಾನಕ್ಕೆ ಒಬ್ಬರು ಎರಡು ಸ್ಟ್ರೋಕಿನ ಎಂಜಿನ್ ಹಾಕಿದರೆ ಇನ್ನೊಬ್ಬರು ನಾಲ್ಕು ಸ್ಟ್ರೋಕಿನದು ಹಾಕುತ್ತಾರೆ, ಮತ್ತೊಬ್ಬರು ಪೆಟ್ರೋಲಿನದು. ಒಬ್ಬರು ಸಿಲಿಂಡರನ್ನು ತಲೆಕೆಳಗಾಗಿ ಕೂರಿಸುತ್ತಾರೆ, ಇನ್ನೊಬ್ಬರು ಪಕ್ಕಕ್ಕೆ ಮಲಗಿಸುತ್ತಾರೆ. ಹಾಗಾಗಿ ತಯಾರಕ ಎಲ್ಲಿ ಕೊರೆದುಕೊಟ್ಟರೂ ಅದು ಯಾರಿಗೋ ತಪ್ಪಾಗುತ್ತದೆ. ಕತ್ತರಿ ಹಾಕುವ ಹೊಣೆ ಕಟ್ಟುವವನದೇ.

ಎಂಜಿನ್ ಮುಚ್ಚಬೇಕೇ, ಗಾಳಿಗೆ ಬಿಡಬೇಕೇ ಎಂಬ ಪ್ರಶ್ನೆ ದೊಡ್ಡ ವಿಮಾನಗಳನ್ನೂ ಕಾಡಿತ್ತು. 1920ರ ದಶಕದಲ್ಲಿ ಗಾಳಿಯಿಂದ ತಣಿಯುವ ನಕ್ಷತ್ರಾಕಾರದ ಎಂಜಿನ್ನುಗಳು ಹೆಚ್ಚು ಬಳಕೆಗೆ ಬಂದಾಗ, ಸಿಲಿಂಡರುಗಳನ್ನು ಹೊರಗೆ ಬಿಟ್ಟರೆ ಅವು ಗಾಳಿಗೆ ಅಡ್ಡ ನಿಂತು ವೇಗ ಕಡಿಮೆಯಾಗುತ್ತಿತ್ತು. ಮುಚ್ಚಿದರೆ ಎಲ್ಲಿ ಕಾದು ಕೆಡುತ್ತವೋ ಎಂಬ ಭಯ. ಅಮೆರಿಕದಲ್ಲಿ ನಾಸಾಕ್ಕೂ ಮೊದಲಿದ್ದ ನಾಕಾ ಎಂಬ ಸಂಸ್ಥೆ ವರ್ಜೀನಿಯಾದ ಲ್ಯಾಂಗ್ಲಿಯಲ್ಲಿ 20 ಅಡಿ ವ್ಯಾಸದ ಗಾಳಿ ಸುರಂಗ ಕಟ್ಟಿತು. ಅಲ್ಲಿ ಫ್ರೆಡ್ ವೈಕ್ ಮತ್ತು ಸಂಗಡಿಗರು ನಿಜವಾದ ಎಂಜಿನ್ನಿಗೆ ಒಂದಾದ ಮೇಲೊಂದು ಬಗೆಯ ಕವಚ ತೊಡಿಸಿ ಅಳೆದರು. 1928ರ ಹೊತ್ತಿಗೆ, ಎಂಜಿನ್ನನ್ನು ಪೂರ್ತಿ ಮುಚ್ಚಿಯೂ ತಣ್ಣಗಿಡುವ ರೂಪ ಸಿಕ್ಕಿತು. ಅದನ್ನು ತೊಡಿಸಿದ ಕರ್ಟಿಸ್ ವಿಮಾನವೊಂದರ ಗರಿಷ್ಠ ವೇಗ ಗಂಟೆಗೆ ಸುಮಾರು 190 ಕಿ.ಮೀ.ಯಿಂದ 220 ಕಿ.ಮೀ.ಗೆ ಏರಿತು. ಎಂಜಿನ್ ಅದೇ, ಶಕ್ತಿಯೂ ಅಷ್ಟೇ. 1929ರ ಫೆಬ್ರವರಿಯಲ್ಲಿ ಫ್ರ್ಯಾಂಕ್ ಹಾಕ್ಸ್ ಇಂಥ ಕವಚವಿದ್ದ ಲಾಕ್‌ಹೀಡ್ ವಿಮಾನದಲ್ಲಿ ಲಾಸ್ ಏಂಜಲೀಸ್‌ನಿಂದ ನ್ಯೂಯಾರ್ಕಿಗೆ 18 ಗಂಟೆ ಚಿಲ್ಲರೆ ಸಮಯದಲ್ಲಿ ಹಾರಿ ದಾಖಲೆ ಬರೆದರು. ಆ ವರ್ಷದ ಕೊಲಿಯರ್ ಟ್ರೋಫಿ ನಾಕಾದ ಪಾಲಾಯಿತು.

ಆ ಕವಚದ ಗುಟ್ಟು ಎರಡು. ಒಳಗೆ ಬಂದ ಗಾಳಿ ಅಲ್ಲಿಲ್ಲಿ ಅಲೆಯದೆ, ಸಿಲಿಂಡರಿನ ಮೈಸುತ್ತ ಶಾಖ ಬಿಟ್ಟುಕೊಡಲೆಂದೇ ಇರುವ ತೆಳು ರೆಕ್ಕೆಗಳ ನಡುವೆಯೇ ಹಾಯಬೇಕು. ಹಾಯ್ದದ್ದು ಹಿಂದಿನ ಸಂದಿನಿಂದ ಸಲೀಸಾಗಿ ಹೊರಬೀಳಬೇಕು. ನಾವು ಡಕೋಟಾ ಎಂದು ಕರೆಯುವ ಡಿಸಿ-3ರಂಥ ವಿಮಾನಗಳನ್ನು ನೋಡಿ. ಕವಚದ ಹಿಂಬದಿಯ ಅಂಚಿನಲ್ಲಿ ಮೀನಿನ ಕಿವಿರಿನಂತೆ ತೆರೆದು ಮುಚ್ಚುವ ರೆಪ್ಪೆಗಳಿರುತ್ತವೆ. ಎಂಜಿನ್ ಹೆಚ್ಚು ಬಿಸಿಯಾಗುವಾಗ ಪೈಲಟ್ ಅವನ್ನು ತೆರೆಯುತ್ತಾನೆ, ಮೇಲೆ ಹೋಗಿ ಸಮನಾಗಿ ಹಾರುವಾಗ ಮುಚ್ಚುತ್ತಾನೆ. ಮುಂದಿನ ಬಾಯಿ ಇದ್ದಷ್ಟೇ ಇರುತ್ತದೆ. ಎಷ್ಟು ಗಾಳಿ ಓಡಬೇಕೆಂಬುದನ್ನು ಹಿಂಬಾಗಿಲೇ ತೀರ್ಮಾನಿಸುತ್ತದೆ.

ನಮ್ಮ ಮನೆಗಳಲ್ಲಿ ಇದು ಗೊತ್ತಿರುವ ಸಂಗತಿಯೇ. ಎದುರು ಕಿಟಕಿಯಿಲ್ಲದ ಕೋಣೆಗೆ ಎಷ್ಟು ದೊಡ್ಡ ಕಿಟಕಿಯಿಟ್ಟರೂ ಗಾಳಿಯಾಡುವುದಿಲ್ಲ. ಬಚ್ಚಲೊಲೆಯ ಹೊಗೆಗಂಡಿ ಮಸಿ ಕಟ್ಟಿದರೆ, ಬಾಯಲ್ಲಿ ಎಷ್ಟು ಸೌದೆ ತುರುಕಿದರೂ ಹೊಗೆ ನಮ್ಮ ಕಣ್ಣಿಗೇ ಬರುತ್ತದೆ. ನನ್ನ ಕೌಲಿನೊಳಗೂ ಅದೇ ಆಗಿತ್ತು. ಹೊರದಾರಿಯಿಲ್ಲದ ಗಾಳಿ ಒಳಗೇ ಒತ್ತಡ ಕಟ್ಟಿ ನಿಂತಿತ್ತು, ಮುಂದಿನ ಬಾಯಿಗೆ ಬಂದ ಹೊಸ ಗಾಳಿ ಪಕ್ಕಕ್ಕೆ ಸರಿದು ಹೋಗುತ್ತಿತ್ತು.

ಮಾದರಿ ಕಟ್ಟುವವರಲ್ಲಿ ಒಂದು ರೂಢಿಯ ಲೆಕ್ಕವಿದೆ. ಗಾಳಿ ಒಳಬರುವ ಬಾಯಿಯ ವಿಸ್ತೀರ್ಣದ ಕನಿಷ್ಠ ಎರಡು ಪಟ್ಟು, ಸಾಧ್ಯವಾದರೆ ಮೂರು ಪಟ್ಟು, ಹೊರದಾರಿ ಇರಬೇಕು. ಸಿಲಿಂಡರಿನ ಎದುರು 30 ಮಿ.ಮೀ. ಅಗಲ, 20 ಮಿ.ಮೀ. ಎತ್ತರದ ಬಾಯಿ ಇದ್ದರೆ ಅದು 6 ಚದರ ಸೆಂ.ಮೀ. ಆಗ ಹೊರದಾರಿ 12ರಿಂದ 18 ಚದರ ಸೆಂ.ಮೀ. ಬೇಕು. ಅಂದರೆ ಕೌಲಿನ ಹೊಟ್ಟೆಯ ಹಿಂದಂಚಿನಲ್ಲಿ 60 ಮಿ.ಮೀ. ಅಗಲ, 30 ಮಿ.ಮೀ. ಉದ್ದದ ಒಂದು ಕಿಂಡಿ. ಮಫ್ಲರ್ ಇರುವ ರಂಧ್ರವನ್ನು ಲೆಕ್ಕಕ್ಕೆ ಹಿಡಿಯುವುದಾದರೆ ಮಫ್ಲರ್ ತುಂಬಿದ ಜಾಗ ಕಳೆದು, ಸುತ್ತ ಉಳಿದ ಸಂದನ್ನು ಮಾತ್ರ ಹಿಡಿಯಬೇಕು. ನನ್ನ ಕೌಲಿನಲ್ಲಿ ಹಾಗೆ ಕಳೆದರೆ ಉಳಿಯುತ್ತಿದ್ದದ್ದು ಬಹುತೇಕ ಸೊನ್ನೆ.

ಕಾದ ಗಾಳಿ ಹಿಗ್ಗುತ್ತದೆ, ಅದಕ್ಕೇ ದೊಡ್ಡ ಹೊರದಾರಿ ಎಂದು ಹೇಳುವುದುಂಟು. ಅದು ನಿಜ, ಆದರೆ ಅರ್ಧ ನಿಜ. 20 ಡಿಗ್ರಿಯ ಗಾಳಿ 100 ಡಿಗ್ರಿಗೆ ಕಾದರೆ ಅದರ ಗಾತ್ರ ಹೆಚ್ಚುವುದು ಸುಮಾರು ಕಾಲು ಭಾಗದಷ್ಟೇ. ಉಳಿದ ಕಾರಣ ಗಾಳಿಯ ಆಯಾಸ. ಮುಂದಿನ ಬಾಯಿಗೆ ಬರುವ ಗಾಳಿಗೆ ವಿಮಾನದ ವೇಗವೂ ಪ್ರೊಪೆಲರಿನ ತಳ್ಳಾಟವೂ ಬೆನ್ನಿಗಿರುತ್ತವೆ. ಸಿಲಿಂಡರಿನ ರೆಕ್ಕೆ, ಕಾರ್ಬ್ಯುರೇಟರ್, ಪೈಪುಗಳಿಗೆಲ್ಲ ಡಿಕ್ಕಿ ಹೊಡೆದು ಹಿಂದೆ ಬರುವ ಹೊತ್ತಿಗೆ ಆ ಬಲ ಉಳಿದಿರುವುದಿಲ್ಲ. ನಿಧಾನಕ್ಕೆ ನಡೆಯುವ ಜನಕ್ಕೆ ಬಾಗಿಲು ಅಗಲವಿರಬೇಕು. ಕಿಂಡಿಯ ಮುಂಭಾಗದ ಅಂಚಿಗೆ ಚಿಕ್ಕದೊಂದು ತುಟಿಯನ್ನು ಕೆಳಮುಖವಾಗಿ ಅಂಟಿಸಿದರೆ, ಹೊರಗೆ ಓಡುವ ಗಾಳಿ ಅದರ ಹಿಂದೆ ಒತ್ತಡ ತಗ್ಗಿಸಿ ಒಳಗಿನದನ್ನು ಎಳೆದುಕೊಳ್ಳುತ್ತದೆ. ಇನ್ನು ಸಿಲಿಂಡರಿನ ಎದುರಲ್ಲದ ಕಡೆ ಬಾಯಿ ಇದ್ದರೆ ಒಳಗಿನಿಂದ ತೆಳು ಬಾಲ್ಸಾ ಹಲಗೆ ಅಂಟಿಸಿ ಮುಚ್ಚುವುದೇ ಮೇಲು. ಆ ಬಾಯಿಂದ ಬಂದ ಗಾಳಿ ಎಂಜಿನ್ನನ್ನು ಮುಟ್ಟದೆ ಹೋಗುತ್ತದೆ, ಹೊರದಾರಿಯಲ್ಲಿ ಮಾತ್ರ ಪಾಲು ಕೇಳುತ್ತದೆ.

ದಾರಿ ಗೊತ್ತಾಯಿತು. ಇನ್ನು ಕೈಗೆತ್ತಿಕೊಳ್ಳುವ ವಸ್ತುವಿನ ಗುಣ ತಿಳಿಯಬೇಕು. ಮೇಣ ಸವರಿದ ಅಚ್ಚಿನೊಳಗೆ ಮೊದಲು ಜೆಲ್‌ಕೋಟ್ ಎಂಬ ಬಣ್ಣದ ರೆಸಿನ್ ಬಳಿಯುತ್ತಾರೆ. ಅದರ ಮೇಲೆ ಗಾಜಿನ ಎಳೆಯ ಬಟ್ಟೆ ಹಾಸಿ ರೆಸಿನ್ ಕುಡಿಸುತ್ತಾರೆ. ಗಟ್ಟಿಯಾದ ಮೇಲೆ ಅಚ್ಚಿನಿಂದ ಬಿಡಿಸಿದರೆ, ಹೊರಗೆ ನುಣುಪು, ಒಳಗೆ ಒರಟು. ಕಾಂಕ್ರೀಟಿನೊಳಗೆ ಕಬ್ಬಿಣದ ಸರಳು ಮಾಡುವ ಕೆಲಸವನ್ನು ಇಲ್ಲಿ ಗಾಜಿನ ಎಳೆ ಮಾಡುತ್ತದೆ. ಬೆಂಗಳೂರಿನ ವೈಮಾನಿಕ ಸಂಶೋಧನಾ ಸಂಸ್ಥೆ ಎನ್‌ಎಎಲ್ ರೂಪಿಸಿದ, 1993ರಲ್ಲಿ ಮೊದಲು ಹಾರಿದ ಎರಡು ಆಸನದ ಹಂಸ ವಿಮಾನದ ಮೈಯೂ ಇದೇ ಕುಲದ್ದು. ಆದರೆ ಜೆಲ್‌ಕೋಟಿನ ಪದರದಲ್ಲಿ ಎಳೆಯಿಲ್ಲ. ಪಿಂಗಾಣಿ ಬಟ್ಟಲಿನ ಹೊಳಪಿನ ಹಾಗೆ ಅದು ಅಂಚಿನಲ್ಲಿ ಚಕ್ಕೆಯೇಳುತ್ತದೆ. ಕತ್ತರಿಸುವಾಗ ಪಾಲಿಸಬೇಕಾದ ನಿಯಮಗಳೆಲ್ಲ ಈ ಒಂದು ಸ್ವಭಾವದಿಂದ ಹುಟ್ಟಿದವು.

ಕತ್ತರಿ ಹಾಕುವ ಮುನ್ನ ಗುರುತು ಹಾಕಬೇಕು. ಎಂಜಿನ್ ಕೌಲಿನೊಳಗೆ ಅಡಗುತ್ತದೆ. ಕೌಲ್ ಹಾಕಿದರೆ ಎಂಜಿನ್ ಕಾಣದು, ತೆಗೆದರೆ ಎಲ್ಲಿ ಕತ್ತರಿಸಬೇಕೆಂಬುದು ಕಾಣದು. ಸ್ಕೇಲ್ ಹಿಡಿದು ಅಳೆಯಲು ಹೋದರೆ ಬಾಗಿದ ಮೈಯ ಮೇಲೆ ಪ್ರತಿ ಅಳತೆಯೂ ಜಾರುತ್ತದೆ. ಇದಕ್ಕೆ ಹಳಬರು ಕಂಡುಕೊಂಡ ಉಪಾಯ ದರ್ಜಿಯ ಕಾಗದದ ನಮೂನೆಯಂಥದು. ನಾನು ಬಳಸುವುದು ಹಳೆಯ ಲಗ್ನಪತ್ರಿಕೆ. ಅದರ ಗಟ್ಟಿತನ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು.

ಎಂಜಿನ್, ಮಫ್ಲರ್ ಎಲ್ಲ ಕೂರಿಸಿ, ಕೌಲನ್ನು ಪಕ್ಕಕ್ಕಿಡಿ. ಪತ್ರಿಕೆಯಿಂದ ಕೈಬೆರಳಗಲದ ಒಂದು ಪಟ್ಟಿ ಕತ್ತರಿಸಿ, ಅದರ ಹಿಂದಿನ ತುದಿಯನ್ನು ವಿಮಾನದ ಮೈಗೆ, ಕೌಲಿನ ಅಂಚು ಬರುವ ಜಾಗಕ್ಕಿಂತ ಹಿಂದೆ, ಟೇಪಿನಿಂದ ಬಿಗಿಯಾಗಿ ಅಂಟಿಸಿ. ಮುಂದಿನ ತುದಿ ಎಂಜಿನ್ನಿನ ಪಕ್ಕದಲ್ಲಿ ಚಾಚಿಕೊಂಡಿರಲಿ. ಇಂಧನ ಹೊಂದಿಸುವ ನೀಡಲ್ ಎಲ್ಲಿ ತಾಕುತ್ತದೋ ಅಲ್ಲಿ ಪಟ್ಟಿಯಲ್ಲಿ ತೂತು ಮಾಡಿ, ನೀಡಲ್ ಅದರೊಳಗಿಂದ ಹೊರಗೆ ಇಣುಕುವಂತೆ ಮಾಡಿ. ಹೀಗೆಯೇ ಮಫ್ಲರಿಗೊಂದು, ಇಂಧನ ಹೊತ್ತಿಸುವ ಗ್ಲೋ ಪ್ಲಗ್ಗಿಗೊಂದು ಪಟ್ಟಿ. ಈಗ ಪಟ್ಟಿಗಳನ್ನು ಬಿಚ್ಚದೆ ಹಿಂದಕ್ಕೆ ಮಡಚಿ, ಎಂಜಿನ್ ಕಳಚಿ, ಕೌಲನ್ನು ಅದರ ಜಾಗಕ್ಕೆ ಸರಿಸಿ. ಪಟ್ಟಿಗಳನ್ನು ಮತ್ತೆ ಮುಂದಕ್ಕೆ, ಕೌಲಿನ ಮೇಲೆ ಹಾಸಿ. ತೂತಿದ್ದಲ್ಲಿ ಪೆನ್ಸಿಲ್ ಆಡಿಸಿದರೆ ಗುರುತು ತಾನಾಗಿ ಬೀಳುತ್ತದೆ. ಎಂಜಿನ್ ತನ್ನ ಜಾಗವನ್ನು ತಾನೇ ಬರೆದುಕೊಟ್ಟಂತೆ.

ಇದರಲ್ಲೂ ಒಂದು ಮೋಸವಿದೆ. ಪಟ್ಟಿ ಗಾಳಿಯಲ್ಲಿ ಚಾಚಿದ್ದಾಗ ಒಳಕ್ಕೆ ಬಾಗಿದ್ದರೆ, ಕೌಲಿನ ಉಬ್ಬಿದ ಮೈಮೇಲೆ ಹಾಸಿದಾಗ ಒಂದೆರಡು ಮಿ.ಮೀ. ಹಿಂದಕ್ಕೆ ಸರಿಯುತ್ತದೆ. ಆದ್ದರಿಂದ ಗುರುತನ್ನು ಮೊದಲ ಮಾತೆಂದು ತಿಳಿಯಬೇಕು, ಕೊನೆಯ ಮಾತೆಂದಲ್ಲ. ಕೌಲಿಗೆ ಇನ್ನೂ ಬಣ್ಣ ಬಳಿದಿರದೆ ಬಿಳಿಯಾಗಿದ್ದರೆ ತಾಳೆ ನೋಡಲು ಇನ್ನೊಂದು ದಾರಿ ಇದೆ. ಕೋಣೆ ಕತ್ತಲು ಮಾಡಿ ಒಳಗಿನಿಂದ ಟಾರ್ಚ್ ಬಿಟ್ಟರೆ, ತೆಳುವಾದ ಫೈಬರಿನ ಮೇಲೆ ನೀಡಲಿನ ನೆರಳು ಹೊರಗಡೆಯೇ ಮೂಡುತ್ತದೆ.

ಗುರುತಿಗಿಂತ ಮುಂಚೆ ಕೌಲ್ ಕೂರುವ ಜಾಗ ಗಟ್ಟಿಯಾಗಬೇಕು, ಇಲ್ಲದಿದ್ದರೆ ಎಲ್ಲ ಅಳತೆಯೂ ವ್ಯರ್ಥ. ಅದಕ್ಕೆ ಕೌಲಿನ ಹಿಂದಂಚನ್ನು ನಂಬುವಂತಿಲ್ಲ. ಪ್ರೊಪೆಲರಿನ ತಿರುಚು ಎಳೆತವನ್ನು ಸರಿದೂಗಿಸಲು ಎಂಜಿನ್ನನ್ನು ಎರಡು ಮೂರು ಡಿಗ್ರಿ ಬಲಕ್ಕೆ, ಕೆಲವೊಮ್ಮೆ ತುಸು ಕೆಳಕ್ಕೆ, ಓರೆಯಾಗಿ ಕೂರಿಸಿರುತ್ತಾರೆ. ಆದ್ದರಿಂದ ಕೌಲಿನ ಮುಖ ಹೊಂದಬೇಕಾದ್ದು ಮೂತಿಯ ಶಂಕುವಿನ, ಅಂದರೆ ಸ್ಪಿನ್ನರಿನ, ಹಿಂಬದಿಯ ತಟ್ಟೆಗೆ. ಎರಡರ ನಡುವೆ 2 ಮಿ.ಮೀ. ದಪ್ಪದ ರಟ್ಟಿನ ಬಿಲ್ಲೆ ಇಟ್ಟು, ಕೌಲನ್ನು ಅದಕ್ಕೆ ಒತ್ತಿ ಹಿಡಿದು, ಸುತ್ತ ಟೇಪ್ ಹಾಕಿ, ಆಮೇಲೆ ಸ್ಕ್ರೂ ತೂತುಗಳನ್ನು ಕೊರೆಯಬೇಕು. ಬಿಲ್ಲೆ ತೆಗೆದಾಗ ಉಳಿಯುವ ಆ 2 ಮಿ.ಮೀ. ಸಂದು ಎಂಜಿನ್ ಅದುರಲು ಬೇಕಾದ ಜಾಗ.

ಇನ್ನು ಕತ್ತರಿ. ಗುರುತಿನ ಮೇಲೆ ಮೊದಲು ಮಾಸ್ಕಿಂಗ್ ಟೇಪ್ ಅಂಟಿಸಿ, ಗೆರೆಯನ್ನು ಅದರ ಮೇಲೆ ಮತ್ತೆ ಎಳೆಯಿರಿ. ಜೆಲ್‌ಕೋಟ್ ಚಕ್ಕೆಯೇಳದಂತೆ ಟೇಪ್ ಹಿಡಿದುಕೊಳ್ಳುತ್ತದೆ. ಕಿಂಡಿ ಚೌಕವಾಗಿದ್ದರೆ ನಾಲ್ಕೂ ಮೂಲೆಗೆ ಮೊದಲು ದುಂಡು ತೂತು ಕೊರೆದು, ಆಮೇಲೆ ತೂತುಗಳ ನಡುವೆ ಗೆರೆ ಕತ್ತರಿಸಬೇಕು. ಚೂಪು ಮೂಲೆಯಲ್ಲಿ ಒತ್ತಡವೆಲ್ಲ ಒಂದೆಡೆ ಸೇರಿ, ಎಂಜಿನ್ನಿನ ಅದುರಾಟಕ್ಕೆ ಅಲ್ಲಿಂದಲೇ ಬಿರುಕು ಹೊರಡುತ್ತದೆ. 1954ರಲ್ಲಿ ಬ್ರಿಟನ್ನಿನ ಕಾಮೆಟ್ ಜೆಟ್ ವಿಮಾನಗಳು ಆಕಾಶದಲ್ಲೇ ಒಡೆದ ದುರಂತಗಳ ತನಿಖೆಯೂ ಮೈಯಲ್ಲಿ ಕೊರೆದ ಕಿಂಡಿಗಳ ಮೂಲೆಯತ್ತಲೇ ಬೆರಳು ತೋರಿತ್ತು.

ಕೊರೆಯುವ ಡ್ರಿಲ್ಲನ್ನು ಆರಂಭದಲ್ಲಿ ಉಲ್ಟಾ ತಿರುಗಿಸಿದರೆ ಅದು ಜೆಲ್‌ಕೋಟನ್ನು ಕಚ್ಚಿ ಎಳೆಯದೆ ಸವೆಸಿಕೊಂಡು ಇಳಿಯುತ್ತದೆ. ಪದರ ದಾಟಿದ ಮೇಲೆ ನೇರ ತಿರುಗಿಸಬಹುದು. ಉದ್ದ ಗೆರೆಗೆ ಡ್ರೆಮೆಲ್ ಎಂದೇ ರೂಢಿಯಲ್ಲಿರುವ ಪುಟ್ಟ ಗ್ರೈಂಡರಿನ ಬಿಲ್ಲೆ ಸಾಕು. ಗೆರೆಯಿಂದ 2-3 ಮಿ.ಮೀ. ಒಳಗೇ ನಿಲ್ಲಿಸಿ. ಉಳಿದದ್ದು ಸ್ಯಾಂಡಿಂಗ್ ಡ್ರಮ್ಮಿನ, ಅರದ, ಪೇಂಟರುಗಳು ಬಳಸುವ ವಾಟರ್ ಪೇಪರಿನ ಪಾಲು. ಅರವನ್ನು ಹೊರಗಿನ ನುಣುಪು ಕಡೆಯಿಂದ ಒಳಕ್ಕೆ ನೂಕಬೇಕು, ಎಳೆದುಕೊಳ್ಳುವಾಗ ಎತ್ತಿಕೊಳ್ಳಬೇಕು. ಒಳಕ್ಕೆ ನೂಕಿದಾಗ ಜೆಲ್‌ಕೋಟಿಗೆ ಬಟ್ಟೆಯ ಪದರದ ಆಸರೆ ಸಿಗುತ್ತದೆ. ಹೊರಕ್ಕೆ ಎಳೆದರೆ ಚಕ್ಕೆ ಹಾರುತ್ತದೆ. ನಾಲ್ಕು ಸಲ ಉಜ್ಜಿ, ಕೌಲ್ ಹಾಕಿ ನೋಡಿ, ತೆಗೆದು, ಮತ್ತೆ ನಾಲ್ಕು ಸಲ ಉಜ್ಜಿ. ಒಂದು ಸಂಜೆ ಇದಕ್ಕೇ ಹೋಗುತ್ತದೆ, ಹೋಗಲಿ. ಕತ್ತರಿಸಿದ್ದನ್ನು ಮತ್ತೆ ಕೂಡಿಸಲಾಗದು. ಮಫ್ಲರ್ ಸುತ್ತ 3-4 ಮಿ.ಮೀ. ಸಂದು ಬಿಡುವುದನ್ನು ಮರೆಯಬಾರದು. ತಾಕಿಕೊಂಡರೆ ಶಾಖಕ್ಕೆ ರೆಸಿನ್ ಮೆದುವಾಗುತ್ತದೆ, ಅದುರಾಟಕ್ಕೆ ಅಂಚು ಸವೆಯುತ್ತದೆ. ಕೊನೆಗೆ ಕತ್ತರಿಸಿದ ಅಂಚಿಗೆಲ್ಲ ತೆಳುವಾಗಿ ಎಪಾಕ್ಸಿ ಸವರಿದರೆ ಇಂಧನದ ಎಣ್ಣೆ ಪದರಗಳ ನಡುವೆ ಇಳಿಯುವುದಿಲ್ಲ.

ಧೂಳಿನ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಹಾರುವುದು ಗಾಜಿನ ಎಳೆಯ ಚೂರು ಮತ್ತು ರೆಸಿನ್ ಪುಡಿ. ಚರ್ಮಕ್ಕೆ ತುರಿಕೆ, ಕಣ್ಣಿಗೆ ಉರಿ, ಗಂಟಲಿಗೆ ಕೆರೆತ, ಉಸಿರಿಗೆ ತೊಂದರೆ. ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಎನ್95 ಮಾಸ್ಕ್ ಬಿಗಿಯಾಗಿ ಹಾಕಿ. ಕಣ್ಣನ್ನು ಪೂರ್ತಿ ಮುಚ್ಚುವ ಕನ್ನಡಕ ಬೇಕೇ ಬೇಕು, ತಿರುಗುವ ಬಿಲ್ಲೆ ಒಡೆದು ಚಿಮ್ಮುವುದೂ ಉಂಟು. ತುಂಬುತೋಳಿನ ಅಂಗಿ, ಕೈಗವಸು ಹಾಕಿ, ಬಯಲಿನಲ್ಲಿ ಗಾಳಿಗೆ ಬೆನ್ನು ಮಾಡಿ ಕೂತು ಮಾಡಿ. ಅಡುಗೆಮನೆಯ ಹತ್ತಿರ ಬೇಡ, ಮಕ್ಕಳು ಆಡುವ ಜಾಗದಲ್ಲಿ ಬೇಡ. ಕೈಯಲ್ಲಿ ಉಜ್ಜುವಾಗ ನೀರು ಹಾಕಿಕೊಂಡು ಉಜ್ಜಿದರೆ ಧೂಳೇ ಏಳದು. ಮುಗಿದ ಮೇಲೆ ಮೈಯನ್ನು ತಿಕ್ಕದೆ ಮೊದಲು ತಣ್ಣೀರು ಹರಿಸಿ ತೊಳೆಯಿರಿ, ಆ ಬಟ್ಟೆಯನ್ನು ಮನೆಯವರ ಬಟ್ಟೆಯ ಜೊತೆ ಒಗೆಯಲು ಹಾಕಬೇಡಿ.

ಸ್ಕ್ರೂ ಹಾಕುವ ಜಾಗಕ್ಕೂ ಎರಡು ಮಾತು. ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುವ ಎಂಜಿನ್ನಿನ ಅದುರು ಕೊನೆಗೆ ಬಂದು ಸೇರುವುದು ಈ ಸ್ಕ್ರೂ ತೂತುಗಳಿಗೆ. ತೂತಿನ ಒಳಬದಿಗೆ ಗಾಜಿನ ಬಟ್ಟೆಯ ಒಂದು ತುಣುಕನ್ನು ಎಪಾಕ್ಸಿಯಲ್ಲಿ ಅಂಟಿಸಿ ದಪ್ಪ ಮಾಡಿ. ತೂತು ಸ್ಕ್ರೂವಿಗಿಂತ ತುಸು ದೊಡ್ಡದಿರಲಿ, ನಡುವೆ ಸಿಲಿಕೋನ್ ಇಂಧನ ಕೊಳವೆಯ ಚಿಕ್ಕ ತುಂಡೊಂದನ್ನು ಬಳೆಯಂತೆ ತೊಡಿಸಿ. ಸ್ಕ್ರೂ ಕಚ್ಚುವ ಮರದ ತುಂಡಿಗೆ ಒಂದು ಹನಿ ಫೆವಿಕ್ವಿಕ್ ಬಿಟ್ಟು ಒಣಗಿಸಿದರೆ ಅದರೊಳಗಿನ ಥ್ರೆಡ್ ಬೇಗ ಸವೆಯುವುದಿಲ್ಲ.

ನನ್ನ ಆ ಕೌಲಿಗೆ ಮರುವಾರ ಹೊಟ್ಟೆಯಲ್ಲಿ 60 ಮಿ.ಮೀ. ಅಗಲದ ಕಿಂಡಿ ಬಿತ್ತು. ನೋಡಲು ಮೊದಲಿನಷ್ಟು ಚೆಂದವಿರಲಿಲ್ಲ. ಆದರೆ ಟ್ಯಾಂಕಿನ ಕೊನೆಯ ಹನಿಯವರೆಗೆ ಎಂಜಿನ್ ಒಂದೇ ಲಯದಲ್ಲಿ ಹಾಡಿತು. ಇಳಿಸಿ, ಕಿಂಡಿಯ ಅಂಚಿಗೆ ಬೆರಳು ತಾಕಿಸಿ ನೋಡಿದೆ. ಬಿಸಿಯಾಗಿತ್ತು. ಒಳಗೇ ಕೂತಿದ್ದ ಶಾಖ ಈಗ ಇಲ್ಲಿಂದ ಹೊರಟುಹೋಗುತ್ತಿತ್ತು.

ಈಗ ಅಕ್ಕನ ಮಗ ತನ್ನ ಮೊದಲ ಮಾದರಿ ಕಟ್ಟುತ್ತಿದ್ದಾನೆ. ಹದಿನಾಲ್ಕು ವರ್ಷ, ಶಾಲೆಯಲ್ಲಿ ಎನ್‌ಸಿಸಿ ಏರ್ ವಿಂಗ್. ಹೊಸ ಎಂಜಿನ್, ಇನ್ನೂ ಇಂಧನ ಸೋಕಿಲ್ಲ. ಹಾಗಾಗಿಯೇ ಅವನಿಗೆ ಒಂದು ಪರೀಕ್ಷೆ ತೋರಿಸಲು ಧೈರ್ಯ ಮಾಡಿದೆ. ಇಂಧನದಲ್ಲಿರುವ ಮೆಥನಾಲ್ ಒಮ್ಮೆ ಸೋಕಿದ ವಿಮಾನದ ಹತ್ತಿರ ಕಿಡಿ ಸುಳಿಯಲೂಬಾರದು. ಮೇಜಿನ ಮೇಲೆ ವಿಮಾನ ಇಟ್ಟು, ಮುಂದೆ ಟೇಬಲ್ ಫ್ಯಾನನ್ನು ನಿಧಾನಕ್ಕೆ ಹಾಕಿ, ಕೌಲಿನ ಬಾಯಿಯ ಎದುರು ಊದುಬತ್ತಿ ಹಿಡಿದೆವು. ಹೊಗೆಯ ಎಳೆ ಒಳಗೆ ನುಗ್ಗಿ ಕೆಳಗಿನ ಕಿಂಡಿಯಿಂದ ಬರಬೇಕು.

"ಮಾಮ, ಅರ್ಧ ಹೊಗೆ ವಾಪಸ್ ಬರ್ತಿದೆ ನೋಡಿ" ಎಂದ. ನಾನೂ ಬಗ್ಗಿ ನೋಡಿದೆ. ಬಾಯಿಯ ಅಂಚಿನಲ್ಲಿ ಹೊಗೆ ತಡವರಿಸಿ ಪಕ್ಕಕ್ಕೆ ಹೊರಳುತ್ತಿತ್ತು. ಏನು ಮಾಡಬೇಕೆಂದು ನಾನು ಹೇಳಲಿಲ್ಲ. ಅವನು ಬತ್ತಿಯನ್ನು ಆರಿಸಿ, ಸ್ಕ್ರೂ ಬಿಚ್ಚಿ ಕೌಲನ್ನು ತೆಗೆದು, ಮಗುಚಿ ಹಿಡಿದು, ಹಿಂದಿನ ಕಿಂಡಿಯ ಸುತ್ತ ಹೊಸದಾಗಿ ಟೇಪ್ ಅಂಟಿಸಿದ. ಪೆನ್ಸಿಲಿನಲ್ಲಿ 2 ಮಿ.ಮೀ. ಆಚೆ ಗೆರೆ ಎಳೆದ. ಮಾಸ್ಕ್ ಏರಿಸಿಕೊಂಡು, ಅರ ಹಿಡಿದು ಅಂಗಳಕ್ಕೆ ಹೋದ.